ಆನಿಮೇಷನ್ ಚಿತ್ರೇತಿಹಾಸದ ಮರೆಯಾದ ಮೊದಲ ಪುಟಗಳು

೧

ಯಾವುದೇ ಕಲೆಯ ಇತಿಹಾಸವನ್ನು ಬರೆಯಹೊರಟವನಿಗೆ ಮೊದಲು ಎದುರಾಗುವ ಪ್ರಶ್ನೆ ‘ಆದ್ಯ ಕೃತಿ ಯಾವುದು?’ ಎಂಬುದು. ಪ್ರಶ್ನೆ ಸರಳವಾಗಿ ಕಂಡರೂ ಉತ್ತರ ಅಷ್ಟು ಸುಲಭವಲ್ಲ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ನಮಗೆ ಉಪಲಬ್ಧವಾಗಿರುವ ಗ್ರಂಥಗಳಲ್ಲಿ ‘ಕವಿರಾಜಮಾರ್ಗ’ವೇ ಮೊದಲನೆಯದು. ಆದರೆ ಆ ಗ್ರಂಥವೇ ತನಗಿಂತ ಹಿಂದಿನ ಗದ್ಯಪದ್ಯ ಕರ್ತೃಗಳನ್ನು ಹೆಸರಿಸುತ್ತದೆ. ವಿಮಳೋದಯ, ನಾಗಾರ್ಜುನ, ದುರ್ವಿನೀತ ಮೊದಲಾದವರ ಹೆಸರುಗಳು ಉಳಿದಿವೆ, ಕೃತಿಗಳು ಉಳಿದಿಲ್ಲ. ಆದುದರಿಂದ ಎಚ್ಚರವುಳ್ಳ ವಿದ್ವಾಂಸನು ‘ಕನ್ನಡದ ಮೊದಲ ಗ್ರಂಥ’ ಎನ್ನದೆ ‘ದೊರೆತಿರುವ ಮೊದಲ ಗ್ರಂಥ’ ಎನ್ನುತ್ತಾನೆ. ಈ ಒಂದು ವಿಶೇಷಣದಲ್ಲಿ ಇತಿಹಾಸಕಾರನ ಪ್ರಾಮಾಣಿಕತೆಯೆಲ್ಲ ಅಡಗಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ತಾಳೆಗರಿಯ ಕಾಲದಲ್ಲಿ ಇಂತಹ ನಷ್ಟ ಸಂಭವಿಸಿದುದು ಆಶ್ಚರ್ಯವಲ್ಲ. ಆದರೆ ಯಂತ್ರಯುಗದ ಕೂಸಾದ ಚಲನಚಿತ್ರದಲ್ಲಿಯೂ, ಅದೂ ಕಳೆದೊಂದು ಶತಮಾನದ ಒಳಗೆ, ಇದೇ ಕಥೆ ಮರುಕಳಿಸಿದೆಯೆಂಬುದು ಹಲವರಿಗೆ ಹೊಸ ಸಂಗತಿಯಾಗಿ ತೋರಬಹುದು. ಆನಿಮೇಷನ್ ಎಂದು ಲೋಕವು ಕರೆಯುವ ಕಲಾಪ್ರಕಾರವನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ನಿರ್ಜೀವವಾದ ಚಿತ್ರವನ್ನೋ ಬೊಂಬೆಯನ್ನೋ ಎಳ್ಳಷ್ಟು ಎಳ್ಳಷ್ಟಾಗಿ ಕದಲಿಸಿ, ಕದಲಿಸಿದಾಗಲೆಲ್ಲ ಒಂದೊಂದು ಛಾಯಾಚಿತ್ರ ತೆಗೆದು, ಅವುಗಳನ್ನು ವೇಗವಾಗಿ ತೆರೆಯ ಮೇಲೆ ಓಡಿಸಿದಾಗ ಅದು ತಾನಾಗಿ ಚಲಿಸಿದಂತೆ ನಮ್ಮ ಕಣ್ಣಿಗೆ ಭ್ರಮೆಯಾಗುತ್ತದೆ. ಈ ಭ್ರಮೆಯೇ ಆ ಕಲೆಯ ಜೀವ.

ಈ ಪ್ರಕಾರದಲ್ಲಿ ಪೂರ್ಣಪ್ರಮಾಣದ ಮೊದಲ ಚಿತ್ರ ಯಾವುದೆಂದು ಕೇಳಿದರೆ, ವಿದ್ಯಾವಂತರೂ ಸಾಮಾನ್ಯವಾಗಿ ಕೊಡುವ ಉತ್ತರ ವಾಲ್ಟ್ ಡಿಸ್ನಿಯ ‘ಸ್ನೋ ವೈಟ್’ ಎಂದು. ಆ ಚಿತ್ರ ೧೯೩೭ರ ಡಿಸೆಂಬರ್ ೨೧ರಂದು ಲಾಸ್ ಏಂಜಲಿಸ್‌ನಲ್ಲಿ ಮೊದಲ ಪ್ರದರ್ಶನ ಕಂಡಿತು. ಅದರ ಕಲಾಸಂಪತ್ತನ್ನಾಗಲಿ, ಅದು ಪಡೆದ ಜನಪ್ರೀತಿಯನ್ನಾಗಲಿ ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ಅದಕ್ಕಿಂತ ಇಪ್ಪತ್ತು ವರ್ಷ ಮೊದಲು ಒಂದು, ಹನ್ನೊಂದು ವರ್ಷ ಮೊದಲು ಮತ್ತೊಂದು, ಹೀಗೆ ಎರಡು ದೀರ್ಘಚಿತ್ರಗಳು ಬೇರೆ ಎರಡು ಖಂಡಗಳಲ್ಲಿ ಸಿದ್ಧವಾಗಿದ್ದವು. ಒಂದು ‘ಹೆಸರು ಮಾತ್ರ ಉಳಿದ’ ಕೃತಿ; ಇನ್ನೊಂದು ‘ದೊರೆತಿರುವವುಗಳಲ್ಲಿ ಮೊದಲ’ ಕೃತಿ. ಇವೆರಡೂ ತಕ್ಕ ಮನ್ನಣೆಯನ್ನು ಏಕೆ ಪಡೆಯಲಿಲ್ಲವೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ವಸ್ತು.

೨

ಮೊದಲನೆಯದು ಅರ್ಜೆಂಟೀನಾ ದೇಶದ್ದು. ಅದರ ಕರ್ತೃ ಕ್ವಿರೀನೊ ಕ್ರಿಸ್ತಿಯಾನಿ. ಈತ ೧೮೯೬ರಲ್ಲಿ ಇಟಲಿಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆತಾಯಿಗಳೊಡನೆ ಬ್ಯೂನಸ್ ಐರಿಸ್ ನಗರಕ್ಕೆ ವಲಸೆ ಬಂದವನು. ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದ ಈ ತರುಣನನ್ನು ಚಲನಚಿತ್ರಕ್ಕೆ ತಂದವನು ಫೆದೆರಿಕೊ ವಾಲ್ಲೆ ಎಂಬ ನಿರ್ಮಾಪಕ. ಇವನೂ ಇಟಲಿಯಿಂದ ವಲಸೆ ಬಂದವನೇ. ಇವರಿಬ್ಬರ ಶ್ರಮದ ಫಲವಾಗಿ ೧೯೧೭ರ ನವೆಂಬರ್ ೯ರಂದು ‘ಎಲ್ ಅಪೋಸ್ತೊಲ್’, ಎಂದರೆ ‘ಧರ್ಮದೂತ’, ಎಂಬ ಚಿತ್ರ ತೆರೆಕಂಡಿತು. ಅದರ ಅವಧಿ ಒಂದು ಗಂಟೆಗೂ ಮಿಕ್ಕಿತ್ತು.

ಅದು ಮಕ್ಕಳ ಕಥೆಯಲ್ಲ, ರಾಜಕೀಯ ವಿಡಂಬನೆ. ಆಗ ಅಧ್ಯಕ್ಷಪದವಿಯಲ್ಲಿದ್ದ ಇಪೋಲಿತೊ ಇರಿಗೋಯೆನ್ ಲೋಕದ ಭ್ರಷ್ಟಾಚಾರವನ್ನು ನಿರ್ಮೂಲ ಮಾಡುವ ಹಟದಿಂದ ದೇವಲೋಕಕ್ಕೇರಿ, ಜೂಪಿಟರ್ ದೇವನ ವಜ್ರಾಯುಧವನ್ನು ಪಡೆದು ರಾಜಧಾನಿಯ ಮೇಲೆ ಪ್ರಯೋಗಿಸುತ್ತಾನೆ. ಭ್ರಷ್ಟಾಚಾರದೊಡನೆ ಊರೂ ಉರಿದುಹೋಗುತ್ತದೆ. ಸುಧಾರಕನ ಆವೇಶಕ್ಕೂ ವಿವೇಕಕ್ಕೂ ಇರುವ ಅಂತರವನ್ನು ಇಷ್ಟು ಚೊಕ್ಕವಾಗಿ ಹೇಳುವ ಕಥಾವಸ್ತು ಯಾವ ಕಾಲಕ್ಕೂ ಹಳೆಯದಾಗುವಂತಹುದಲ್ಲ. ಪಾತ್ರಗಳ ರೂಪಕಲ್ಪನೆಯಲ್ಲಿ ಟಾಬೋರ್ಡಾ ಎಂಬ ಪ್ರಸಿದ್ಧ ವ್ಯಂಗ್ಯಚಿತ್ರಕಾರನ ಕೈವಾಡವಿತ್ತು. ನಗರದಹನದ ದೃಶ್ಯಕ್ಕಾಗಿ ಬ್ಯೂನಸ್ ಐರಿಸ್ ನಗರದ ಮಾದರಿಯೊಂದನ್ನು ಕಟ್ಟಿದ್ದರು.

ಕ್ರಿಸ್ತಿಯಾನಿ ಅನುಸರಿಸಿದ ವಿಧಾನವನ್ನು ಇಲ್ಲಿ ಗಮನಿಸಬೇಕು. ಪ್ರತಿಯೊಂದು ಚಲನೆಗೂ ಹೊಸ ಚಿತ್ರವನ್ನು ಬರೆಯುವುದು ನೂರಾರು ಜನರ ಕೆಲಸ. ಅಷ್ಟು ಧನವಾಗಲಿ ಜನವಾಗಲಿ ಈತನ ಬಳಿ ಇರಲಿಲ್ಲ. ಆದುದರಿಂದ ದಪ್ಪ ಕಾಗದದಲ್ಲಿ ಪಾತ್ರಗಳನ್ನು ಬರೆದು, ಕೈ ಕಾಲು ತಲೆಗಳನ್ನು ಬೇರೆಬೇರೆಯಾಗಿ ಕತ್ತರಿಸಿ, ಅವುಗಳನ್ನು ಸಂಧಿಗಳಲ್ಲಿ ಜೋಡಿಸಿ ಕದಲಿಸುವ ಉಪಾಯವನ್ನು ಹೂಡಿದನು. ಬಡತನವೇ ಇಲ್ಲಿ ಶೋಧನೆಗೆ ತಾಯಿಯಾಯಿತು.

ಇಂತಹ ಚಿತ್ರಕ್ಕೆ ಒದಗಿದ ಗತಿ ಶೋಚನೀಯವಾದುದು. ೧೯೨೬ರಲ್ಲಿ ವಾಲ್ಲೆಯ ಚಿತ್ರಶಾಲೆಗೆ ಬೆಂಕಿ ಬಿದ್ದು ಅದು ಸುಟ್ಟುಹೋಯಿತು. ಆ ಕಾಲದ ಫಿಲ್ಮು ನೈಟ್ರೇಟಿನಿಂದ ತಯಾರಾದದ್ದು. ಕಿಡಿ ತಗುಲಿದರೆ ಮದ್ದಿನಂತೆ ಹೊತ್ತಿಕೊಳ್ಳುವಂತಹುದು. ಕ್ರಿಸ್ತಿಯಾನಿಯ ಎರಡನೆಯ ದೀರ್ಘಚಿತ್ರ ೧೯೧೮ರದು. ಜರ್ಮನಿಯ ಜಲಾಂತರ್ಗಾಮಿ ನೌಕೆಯೊಂದರ ಕೃತ್ಯವನ್ನು ಕುರಿತದ್ದು. ಅದನ್ನು ಸರಕಾರವೇ ಮುಟ್ಟುಗೋಲು ಹಾಕಿಕೊಂಡಿತು. ಮೂರನೆಯದಾದ ‘ಪೆಲುದೋಪೊಲಿಸ್’ ೧೯೩೧ರಲ್ಲಿ ಧ್ವನಿಯೊಡನೆ ಸಿದ್ಧವಾಯಿತು. ಅದೂ ಇರಿಗೋಯೆನ್‌ನ ವಿಡಂಬನೆಯೇ. ಆದರೆ ಚಿತ್ರ ತಯಾರಾಗುತ್ತಿದ್ದಾಗಲೇ, ೧೯೩೦ರ ಸೆಪ್ಟೆಂಬರಿನಲ್ಲಿ, ಸೈನ್ಯವು ಆ ಅಧ್ಯಕ್ಷನನ್ನು ಪದಚ್ಯುತಗೊಳಿಸಿತು. ಅಧಿಕಾರದಲ್ಲಿದ್ದವನ ಮೇಲೆ ಎತ್ತಿದ ಚಾಟಿ ಬಿದ್ದವನ ಮೇಲೆ ಬೀಸಿದಂತಾಗಿ ಕಥೆಯನ್ನು ತಿದ್ದಬೇಕಾಯಿತು. ಮುಂದೆ ೧೯೫೭ ಮತ್ತು ೧೯೬೧ರಲ್ಲಿ ಕ್ರಿಸ್ತಿಯಾನಿಯ ಸ್ವಂತ ಪ್ರಯೋಗಾಲಯಕ್ಕೂ ಬೆಂಕಿ ತಗುಲಿ, ಉಳಿದುದರಲ್ಲಿ ಬಹುಭಾಗ ನಾಶವಾಯಿತು. ಆತನು ೧೯೮೪ರವರೆಗೆ ಬದುಕಿದ್ದನು. ತಾನು ಮಾಡಿದ ಕೃತಿಗಳನ್ನು ತೋರಿಸಲಾರದೆ, ಮಾಡಿದ್ದೆನೆಂದು ಬಾಯಿಂದ ಹೇಳಬೇಕಾದ ಕಲಾವಿದನ ಅವಸ್ಥೆಯನ್ನು ವಾಚಕರು ಊಹಿಸಿಕೊಳ್ಳಬಹುದು.

೩

ಎರಡನೆಯ ಚಿತ್ರ ಜರ್ಮನಿಯದು. ‘ರಾಜಕುಮಾರ ಅಹಮದನ ಸಾಹಸಗಳು’ ಎಂದು ಅದರ ಹೆಸರು. ಕರ್ತೃ ಲೋಟೆ ರೈನಿಗರ್ ಎಂಬ ಮಹಿಳೆ. ಈಕೆ ಹುಟ್ಟಿದ್ದು ೧೮೯೯ರಲ್ಲಿ, ಬರ್ಲಿನ್ ನಗರದಲ್ಲಿ. ಚಿಕ್ಕಂದಿನಿಂದಲೇ ಕತ್ತರಿ ಹಿಡಿದು ಕಪ್ಪು ಕಾಗದದಲ್ಲಿ ಆಕೃತಿಗಳನ್ನು ಕತ್ತರಿಸುವುದು ಈಕೆಗೆ ಲೀಲೆಯಾಗಿತ್ತು. ಬರಹಗಾರನ ಕೈಯಲ್ಲಿ ಲೇಖನಿ ಹರಿಯುವಂತೆ ಈಕೆಯ ಕೈಯಲ್ಲಿ ಕತ್ತರಿ ಹರಿಯುತ್ತಿತ್ತು. ನಟನೂ ನಿರ್ದೇಶಕನೂ ಆಗಿದ್ದ ಪಾಲ್ ವೇಗನರ್ ಈ ಕೌಶಲವನ್ನು ಕಂಡು, ೧೯೧೮ರ ತನ್ನ ಚಿತ್ರವೊಂದರ ಶೀರ್ಷಿಕೆಗಳಿಗೆ ನೆರಳುಚಿತ್ರಗಳನ್ನು ಮಾಡಿಸಿಕೊಂಡನು. ಮರುವರ್ಷವೇ ಆಕೆಯ ಮೊದಲ ಕಿರುಚಿತ್ರ ಹೊರಬಂದಿತು. ೧೯೨೧ರಲ್ಲಿ ಕಾರ್ಲ್ ಕೋಖ್ ಎಂಬಾತನನ್ನು ವಿವಾಹವಾದ ಮೇಲೆ, ಆತನೇ ಆಕೆಯ ಬಹುಪಾಲು ಚಿತ್ರಗಳಿಗೆ ತಾಂತ್ರಿಕ ಸಹಾಯಕನಾದನು.

ಈ ಚಿತ್ರದ ಹುಟ್ಟಿಗೆ ಹಣದುಬ್ಬರವೂ ಒಂದು ಕಾರಣವಾಯಿತೆಂಬುದು ಸ್ವಾರಸ್ಯದ ಸಂಗತಿ. ೧೯೨೩ರಲ್ಲಿ ಜರ್ಮನಿಯ ನಾಣ್ಯವು ಬೆಳಗಿನ ಬೆಲೆ ಸಂಜೆಗಿಲ್ಲದಂತಾಗಿತ್ತು. ಲೂಯಿ ಹಾಗೆನ್ ಎಂಬ ಬ್ಯಾಂಕರನು ತನ್ನ ಹಣ ಕರಗಿಹೋಗದಿರಲೆಂದು ಕಚ್ಚಾ ಫಿಲ್ಮನ್ನು ಕೊಂಡಿಟ್ಟಿದ್ದನು. ಅದನ್ನು ಬಳಸಿ ಒಂದು ದೀರ್ಘಚಿತ್ರವನ್ನು ಮಾಡಬಾರದೇಕೆ ಎಂದು ರೈನಿಗರಳನ್ನು ಕೇಳಿದವನು ಅವನೇ. ಪಾಟ್ಸ್‌ಡ್ಯಾಮ್‌ನಲ್ಲಿ ಅವನ ಮನೆಯ ಬಳಿ, ಮೋಟಾರು ನಿಲ್ಲಿಸುವ ಕೊಟ್ಟಿಗೆಯ ಮೇಲಣ ಅಟ್ಟದಲ್ಲಿ ಚಿತ್ರಶಾಲೆ ಸಿದ್ಧವಾಯಿತು. ೧೯೨೩ರಿಂದ ೧೯೨೬ರವರೆಗೆ ಮೂರು ವರ್ಷಗಳ ಕಾಲ ಅಲ್ಲಿ ಕೆಲಸ ನಡೆಯಿತು. ತೆಗೆದ ಚಿತ್ರಗಳು ಸುಮಾರು ಎರಡೂವರೆ ಲಕ್ಷ. ಕೊನೆಗೆ ಬಳಸಿಕೊಂಡವು ಸುಮಾರು ೯೬,೦೦೦. ಕಾರ್ಯಾರಂಭದಲ್ಲಿ ಆಕೆಗೆ ಇಪ್ಪತ್ತನಾಲ್ಕು ವರ್ಷ.

ಕೆಲಸದ ರೀತಿ ಹೀಗಿತ್ತು: ಕಪ್ಪು ರಟ್ಟಿನಿಂದಲೂ ತೆಳುವಾದ ಸೀಸದ ತಗಡಿನಿಂದಲೂ ಪಾತ್ರಗಳ ಅಂಗಾಂಗಗಳನ್ನು ಕತ್ತರಿಸಿ, ಸಂಧಿಗಳಲ್ಲಿ ತಂತಿಯಿಂದ ಕಟ್ಟುತ್ತಿದ್ದರು. ಗಾಜಿನ ಮೇಜಿನ ಮೇಲೆ ಅವುಗಳನ್ನು ಮಲಗಿಸಿ ಕೆಳಗಿನಿಂದ ಬೆಳಕು ಹಾಯಿಸುತ್ತಿದ್ದರು. ಮೇಲುಗಡೆ ಕೆಳಮುಖವಾಗಿ ಕ್ಯಾಮೆರಾ. ಒಂದು ಬೆರಳನ್ನೋ ಒಂದು ರೆಕ್ಕೆಯನ್ನೋ ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ. ಮತ್ತೆ ಸರಿಸಿ ಮತ್ತೊಂದು. ಹಿನ್ನೆಲೆಗೆ ಆಳ ಬರಲೆಂದು ಗಾಜಿನ ಹಲಗೆಗಳನ್ನು ಒಂದರ ಮೇಲೊಂದು ಅಂತರವಿಟ್ಟು ಜೋಡಿಸಿದರು. ಇದೇ ತತ್ತ್ವವನ್ನು ಆಧರಿಸಿದ ಬೃಹದ್‌ಯಂತ್ರವನ್ನು ಡಿಸ್ನಿಯ ಸಂಸ್ಥೆ ೧೯೩೭ರಲ್ಲಿ ಬಳಕೆಗೆ ತಂದಾಗ ಅದು ಅಪೂರ್ವ ಶೋಧನೆಯೆಂದು ಹೊಗಳಿಸಿಕೊಂಡಿತು. ಅದಕ್ಕೆ ಹತ್ತು ವರ್ಷ ಹಿಂದೆಯೇ ಪಾಟ್ಸ್‌ಡ್ಯಾಮಿನ ಅಟ್ಟದಲ್ಲಿ ಅದರ ಬೀಜವಿದ್ದಿತು.

ಕಥೆ ‘ಅರೇಬಿಯನ್ ನೈಟ್ಸ್’ನಿಂದ ಬಂದದ್ದು: ಹಾರುವ ಕುದುರೆ, ಪರೀಬಾನು, ಅಲ್ಲಾವುದ್ದೀನನ ದೀಪ, ಮಾಂತ್ರಿಕ, ಮಾಟಗಾತಿ. ಮಾಂತ್ರಿಕನೂ ಮಾಟಗಾತಿಯೂ ರೂಪದಿಂದ ರೂಪಕ್ಕೆ ಬದಲಾಗುತ್ತ ಹೋರಾಡುವ ಪ್ರಸಂಗವನ್ನು ನೋಡಿದವರು ಮರೆಯಲಾರರು. ಮನುಷ್ಯನಟನಿಗೆ ಅಸಾಧ್ಯವಾದುದನ್ನು ಮಾಡಿ ತೋರಿಸಿದಾಗಲೇ ಈ ಕಲೆಗೆ ಸಾರ್ಥಕ್ಯವೆಂಬ ಮಾತಿಗೆ ಆ ಪ್ರಸಂಗವೇ ಸಾಕ್ಷಿ. ಮಾಯಾದೃಶ್ಯಗಳನ್ನು ವಾಲ್ಟರ್ ರುಟ್‌ಮನ್ ರಚಿಸಿದನು. ಸಮುದ್ರದ ಬಿರುಗಾಳಿಯಂತಹ ದೃಶ್ಯಗಳಿಗೆ ಬರ್ಟೋಲ್ಡ್ ಬಾರ್ಟೋಷ್ ನೆರವಾದನು. ವುಲ್ಫ್‌ಗಾಂಗ್ ಟ್ಸೆಲರ್ ಸಂಗೀತವನ್ನು ಹೊಂದಿಸಿದನು. ೧೯೨೬ರ ಮೇ ೨ರಂದು ಬರ್ಲಿನ್ನಿನ ನಾಟಕಶಾಲೆಯೊಂದರಲ್ಲಿ ಮೊದಲ ಪ್ರದರ್ಶನ ನಡೆಯಿತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಜಾಂ ರೆನ್ವಾನಂತಹ ಕಲಾವಿದರು ಅದನ್ನು ಆದರದಿಂದ ಬರಮಾಡಿಕೊಂಡರು.

ಗುಣಗಳನ್ನು ಹೇಳಿದಂತೆ ದೋಷವನ್ನೂ ಹೇಳುವುದು ಧರ್ಮ. ಈ ಚಿತ್ರದ ಪೂರ್ವದೇಶ ಯೂರೋಪಿನ ಕಲ್ಪನೆಯ ಪೂರ್ವದೇಶ. ದುಷ್ಟ ಮಾಂತ್ರಿಕನನ್ನು ಆಫ್ರಿಕದವನನ್ನಾಗಿಯೂ, ಚೀನದ ಚಕ್ರವರ್ತಿಯನ್ನು ಹಾಸ್ಯಾಸ್ಪದನನ್ನಾಗಿಯೂ ಚಿತ್ರಿಸಿರುವ ರೀತಿ ಇಂದಿನ ಪ್ರಬುದ್ಧ ಪ್ರೇಕ್ಷಕನಿಗೆ ಒಪ್ಪುವಂತಹುದಲ್ಲ. ಆ ಕಾಲದ ಅಭಿರುಚಿಯ ಮಿತಿ ಅದರಲ್ಲಿ ಅಚ್ಚಾಗಿದೆ. ಆದರೆ ಅದರ ಕಲೆ ಆ ಮಿತಿಯನ್ನು ಮೀರಿ ನಿಲ್ಲುವಷ್ಟು ಗಟ್ಟಿಯಾಗಿದೆ.

೪

ನೆರಳಿನಾಟವೆಂದೊಡನೆ ನಮ್ಮ ನಾಡಿನ ತೊಗಲುಬೊಂಬೆ ಆಟ ನೆನಪಾಗುವುದು ಸಹಜ. ಕಿಳ್ಳೇಕ್ಯಾತರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಆ ಆಟಕ್ಕೂ ರೈನಿಗರಳ ಚಿತ್ರಕ್ಕೂ ನೇರವಾದ ಸಂಬಂಧವನ್ನು ಕಲ್ಪಿಸುವುದು ತಪ್ಪಾಗುತ್ತದೆ. ಹೋಲಿಕೆಯಿಂದ ಮಾತ್ರ ಎರಡರ ಸ್ವರೂಪವೂ ಸ್ಪಷ್ಟವಾಗುತ್ತದೆ. ನಮ್ಮ ಬೊಂಬೆ ಹದಮಾಡಿದ ತೊಗಲಿನದು. ಬೆಳಕು ಅದರ ಮೈಯೊಳಗೇ ಹಾಯುವುದರಿಂದ ಬಣ್ಣಗಳು ತೆರೆಯ ಮೇಲೆ ಅರಳುತ್ತವೆ. ರೈನಿಗರಳ ಬೊಂಬೆಯಾದರೋ ಬೆಳಕನ್ನು ಪೂರ್ತಿ ತಡೆಯುತ್ತದೆ. ಅಲ್ಲಿ ಅಂಚೇ ಸರ್ವಸ್ವ. ಕಣ್ಣು ಬಾಯಿಗಳ ಭಾವವನ್ನು ಕುತ್ತಿಗೆಯ ಓಲಿನಿಂದಲೂ ಕೈಯ ಬಾಗಿನಿಂದಲೂ ಹೊಮ್ಮಿಸಬೇಕು. ನಮ್ಮಲ್ಲಿ ಸೂತ್ರಧಾರನ ಕೈಯೂ ಕಂಠವೂ ಒಟ್ಟಿಗೆ ಆಡುತ್ತವೆ, ಇರುಳೊಂದರಲ್ಲಿ ಕಥೆ ಮುಗಿಯುತ್ತದೆ. ಅಲ್ಲಿ ಕೈ ಆಡಿದ ಮೂರು ವರ್ಷದ ಆಟ ಒಂದು ಗಂಟೆಯ ನೋಟವಾಗುತ್ತದೆ. ರೈನಿಗರ್ ಮುಂದೆ ೧೯೭೦ರಲ್ಲಿ ನೆರಳುರಂಗಭೂಮಿಯನ್ನೂ ನೆರಳುಚಿತ್ರಗಳನ್ನೂ ಕುರಿತು ಒಂದು ಗ್ರಂಥವನ್ನೇ ಬರೆದಳು. ತನ್ನ ಕಲೆಯು ಒಂದು ಪ್ರಾಚೀನ ವಂಶದ ಕುಡಿಯೆಂಬ ಅರಿವು ಆಕೆಗಿತ್ತೆಂಬುದಕ್ಕೆ ಅದು ನಿದರ್ಶನ.

೫

ಇನ್ನು, ಇಂತಹ ಕೃತಿ ಮರೆಗೆ ಸರಿದುದೇಕೆ? ಕಾರಣ ಒಂದಲ್ಲ.

ಮೊದಲನೆಯದು ಕಾಲದ ಹೊಡೆತ. ಚಿತ್ರ ಹೊರಬಂದ ಒಂದೆರಡು ವರ್ಷಗಳಲ್ಲಿಯೇ ಟಾಕಿ ಯುಗ ಪ್ರಾರಂಭವಾಯಿತು. ಮೂಕಿಚಿತ್ರಗಳೆಲ್ಲ ಒಂದೇ ಏಟಿಗೆ ಹಳೆಯವಾದುವು. ಎರಡನೆಯದು ಸಂಸ್ಥೆಯ ಅಭಾವ. ಡಿಸ್ನಿಯ ಚಿತ್ರದ ಹಿಂದೆ ಅದನ್ನು ಕಾಲಕಾಲಕ್ಕೆ ಹೊಸ ಪ್ರೇಕ್ಷಕರ ಮುಂದಿಡಬಲ್ಲ ವ್ಯಾಪಾರಸಂಸ್ಥೆಯೊಂದಿತ್ತು. ರೈನಿಗರಳ ಹಿಂದೆ ಇದ್ದದ್ದು ನಾಲ್ಕಾರು ಗೆಳೆಯರು ಮತ್ತು ಒಬ್ಬ ಉದಾರಿ ಮಾತ್ರ. ಮೂರನೆಯದು, ಕತ್ತರಿಯ ಕೆಲಸವನ್ನು ಹೆಂಗಸರ ಮನೆಗೆಲಸದ ಕುಶಲತೆಯೆಂದು ಗಣಿಸಿ ಕಲೆಯ ಪಂಕ್ತಿಯಿಂದ ಒಂದು ಮಣೆ ಕೆಳಗೆ ಕೂರಿಸುವ ಸಂಪ್ರದಾಯ. ಕಸೂತಿಯನ್ನೂ ರಂಗವಲ್ಲಿಯನ್ನೂ ಹೊಗಳಿಯೂ ಕಲೆಯೆಂದು ಕರೆಯಲು ಹಿಂಜರಿಯುವ ನಮಗೆ ಈ ಸಂಪ್ರದಾಯ ಅಪರಿಚಿತವಲ್ಲ.

ನಾಲ್ಕನೆಯ ಕಾರಣವೇ ಮುಖ್ಯವಾದುದು: ಈ ಕಲಾವಿದರು ನೆಲೆ ತಪ್ಪಿದವರು. ನಾತ್ಸಿಗಳು ಅಧಿಕಾರಕ್ಕೆ ಬಂದ ಮೇಲೆ ರೈನಿಗರ್ ದಂಪತಿಗಳಿಗೆ ಜರ್ಮನಿಯಲ್ಲಿ ನಿಲ್ಲುವ ಮನಸ್ಸಾಗಲಿಲ್ಲ. ಬೇರೆ ದೇಶಗಳಲ್ಲಿ ಶಾಶ್ವತವಾಗಿ ನೆಲಸುವ ಅನುಮತಿ ದೊರೆಯಲಿಲ್ಲ. ಅನುಮತಿಯ ಅವಧಿ ಮುಗಿದಾಗಲೆಲ್ಲ ದೇಶದಿಂದ ದೇಶಕ್ಕೆ ಅಲೆದರು. ಯುದ್ಧದ ಕೊನೆಯ ವರ್ಷಗಳಲ್ಲಿ ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಳ್ಳಲು ಆಕೆ ಬರ್ಲಿನ್ನಿಗೇ ಮರಳಬೇಕಾಯಿತು. ೧೯೪೫ರ ಬರ್ಲಿನ್ ಕದನದಲ್ಲಿ ‘ಅಹಮದ’ನ ಮೂಲ ನೆಗೆಟಿವ್ ನಾಶವಾಯಿತು. ೧೯೪೯ರಲ್ಲಿ ಆಕೆ ಲಂಡನ್ನಿಗೆ ಬಂದು ನೆಲಸಿದಳು. ಅಲ್ಲಿ ಆಕೆಗೆ ಮತ್ತೆ ಕೆಲಸ ಕಲ್ಪಿಸಿಕೊಟ್ಟವನು ಹಳೆಯ ಬ್ಯಾಂಕರನ ಮಗ. ಅವನೂ ನಾತ್ಸಿಗಳ ಬಂದಿವಾಸವನ್ನು ಅನುಭವಿಸಿ ಇಂಗ್ಲೆಂಡಿಗೆ ಬಂದವನು. ತಂದೆಯಿತ್ತ ಆಸರೆಯನ್ನು ಮೂವತ್ತು ವರ್ಷಗಳ ಮೇಲೆ, ಬೇರೊಂದು ದೇಶದಲ್ಲಿ, ಮಗನು ಮುಂದುವರಿಸಿದನು.

ಆಕೆಯ ಸಹಾಯಕನಾಗಿದ್ದ ಬಾರ್ಟೋಷ್‌ನ ಕಥೆಯೂ ಇಂತಹುದೇ. ಬೊಹೀಮಿಯದಲ್ಲಿ ಹುಟ್ಟಿದ ಆತ ಪ್ಯಾರಿಸ್ಸಿಗೆ ಹೋಗಿ, ನಾಟಕಶಾಲೆಯೊಂದರ ಮೇಲಣ ಇಕ್ಕಟ್ಟಾದ ಕೊಠಡಿಯಲ್ಲಿ ಒಬ್ಬನೇ ಕುಳಿತು ‘ಲಿದೇ’, ಎಂದರೆ ‘ಭಾವನೆ’, ಎಂಬ ಚಿತ್ರವನ್ನು ೧೯೩೨ರಲ್ಲಿ ಮುಗಿಸಿದನು. ಬೆಲ್ಜಿಯಂ ದೇಶದ ಫ್ರಾನ್ಸ್ ಮಾಸೆರೀಲ್‌ನ ಮರದಚ್ಚಿನ ಚಿತ್ರಗಳು ಅದಕ್ಕೆ ಮೂಲ. ಸಂಗೀತ ಆರ್ತೂರ್ ಹೊನೆಗರ್‌ನದು. ಉನ್ನತವಾದ ಒಂದು ಭಾವನೆಯನ್ನು ಹಣವಂತರೂ ಸೈನಿಕರೂ ಕೊಲ್ಲಹೊರಟರೂ ಅದು ಸಾಯುವುದಿಲ್ಲವೆಂಬುದು ಅದರ ವಸ್ತು. ಆನಿಮೇಷನ್ ಮಕ್ಕಳ ವಿನೋದವೆಂದು ತಿಳಿದವರು ನೋಡಲೇಬೇಕಾದ ಚಿತ್ರ ಅದು. ಆತನು ಅನಂತರ ಕೈಗೊಂಡ, ಹಿಟ್ಲರನ ವಿರುದ್ಧದ ಚಿತ್ರವು ಪ್ಯಾರಿಸ್ ಜರ್ಮನರ ವಶವಾಗಿದ್ದ ಕಾಲದಲ್ಲಿ ಕಳೆದುಹೋಯಿತು.

ಕ್ರಿಸ್ತಿಯಾನಿ, ರೈನಿಗರ್, ಬಾರ್ಟೋಷ್ ಮೂವರೂ ಹುಟ್ಟಿದ ನೆಲವನ್ನು ಬಿಟ್ಟು ಬಾಳಿದವರು. ಒಂದು ದೇಶದ ಇತಿಹಾಸಕಾರನು ತನ್ನವರ ಪಟ್ಟಿ ಮಾಡುವಾಗ ಇವರು ಹೊರಗಿನವರು; ಇನ್ನೊಂದು ದೇಶದವನಿಗೆ ಇವರು ಬಿಟ್ಟುಹೋದವರು. ಯಾರ ಮನೆಯ ಮಗುವೂ ಅಲ್ಲದ ಕೃತಿಗೆ ಎಣ್ಣೆ ನೀರು ನೋಡುವವರಾರು?

೬

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಮೊದಲಿಗನಾಗುವುದು ದೊಡ್ಡದಲ್ಲ, ಪರಂಪರೆಯನ್ನು ನಿರ್ಮಿಸುವುದು ದೊಡ್ಡದು. ಡಿಸ್ನಿಯಿಂದ ಒಂದು ಪರಂಪರೆ ಹುಟ್ಟಿತು, ಇವರಿಂದ ಹುಟ್ಟಲಿಲ್ಲ ಎನ್ನಬಹುದು. ಈ ಮಾತಿನಲ್ಲಿ ಸತ್ಯಾಂಶವಿದೆ. ಬಣ್ಣ, ಮಾತು, ಹಾಡುಗಳೊಡನೆ ಪಾರದರ್ಶಕ ಹಾಳೆಗಳ ಮೇಲೆ ಚಿತ್ರ ಬರೆದು ಮಾಡಿದ ದೀರ್ಘಕಥೆಯ ಮಾರ್ಗವನ್ನು ಜಗತ್ತಿಗೆ ತೋರಿಸಿದ ಕೀರ್ತಿ ‘ಸ್ನೋ ವೈಟ್’ನದೇ. ಆದರೆ ಅದು ಒಂದು ಮಾರ್ಗ, ಏಕೈಕ ಮಾರ್ಗವಲ್ಲ. ನೂರಾರು ಕೆಲಸಗಾರರೂ ಅಪಾರ ಬಂಡವಾಳವೂ ಇಲ್ಲದೆ, ಒಂದು ಮೇಜು, ಒಂದು ದೀಪ, ಒಂದು ಕತ್ತರಿ ಇದ್ದರೆ ದೊಡ್ಡ ಕಥೆಯನ್ನು ಹೇಳಬಹುದೆಂಬುದು ಇನ್ನೊಂದು ಮಾರ್ಗ. ಮೊದಲನೆಯದೊಂದೇ ಮಾರ್ಗವೆಂದು ಇತಿಹಾಸ ಬರೆದರೆ, ಸಿರಿವಂತ ದೇಶಗಳಿಗಷ್ಟೇ ಈ ಕಲೆ ಸಾಧ್ಯವೆಂದು ಬಡದೇಶಗಳ ತರುಣರಿಗೆ ಹೇಳಿದಂತಾಗುತ್ತದೆ. ಮನ್ನಣೆಯ ಪ್ರಶ್ನೆ ಕೇವಲ ಸತ್ತವರ ಗೌರವದ ಪ್ರಶ್ನೆಯಲ್ಲ. ಮುಂದೆ ಬರುವವರ ಧೈರ್ಯದ ಪ್ರಶ್ನೆ.

‘ಅಹಮದ’ ಉಳಿದುಬಂದದ್ದು ಲಂಡನ್ನಿನ ಚಿತ್ರಸಂಗ್ರಹಾಗಾರದಲ್ಲಿ ಉಳಿದಿದ್ದ ಒಂದು ಪ್ರತಿಯಿಂದ. ಅದನ್ನು ಆಧರಿಸಿ ಫ್ರಾಂಕ್‌ಫರ್ಟ್ ನಗರದ ಚಲನಚಿತ್ರ ವಸ್ತುಸಂಗ್ರಹಾಲಯವು ೧೯೯೯ರಲ್ಲಿ, ಮೂಲದ ವರ್ಣಛಾಯೆಗಳೊಡನೆ, ಚಿತ್ರವನ್ನು ಪುನರುದ್ಧಾರ ಮಾಡಿತು. ಆಕೆ ತೀರಿಕೊಂಡು ಆಗ ಹದಿನೆಂಟು ವರ್ಷಗಳಾಗಿದ್ದುವು. ಆಕೆಯ ಜನ್ಮಶತಾಬ್ದಿಯ ವರ್ಷವೂ ಅದೇ ಆಗಿತ್ತು. ಒಂದು ಊರಿನ ಕಪಾಟಿನಲ್ಲಿ ಒಂದು ಪ್ರತಿ ಉಳಿಯದೆ ಹೋಗಿದ್ದರೆ ‘ಅಹಮದ’ನೂ ‘ಧರ್ಮದೂತ’ನ ಹಾದಿಯನ್ನೇ ಹಿಡಿಯುತ್ತಿದ್ದನು. ಕೀರ್ತಿಗೂ ವಿಸ್ಮೃತಿಗೂ ನಡುವಣ ಅಂತರ ಅನೇಕ ವೇಳೆ ಇಷ್ಟೇ.

ದೂರದೇಶದ ಈ ವೃತ್ತಾಂತವನ್ನು ಹೊರನಾಡ ಕನ್ನಡಿಗರ ಮುಂದಿಡಲು ಕಾರಣವಿದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ೧೯೩೪ರಲ್ಲಿ ತೆರೆಗೆ ಬಂದಿತು. ಅದರ ಚಿತ್ರೀಕರಣ ನಡೆದದ್ದು ಕನ್ನಡನಾಡಿನಲ್ಲಲ್ಲ, ಕೊಲ್ಲಾಪುರದಲ್ಲಿ. ಆ ಚಿತ್ರದ ಒಂದು ಪ್ರತಿಯೂ ಇಂದು ನಮಗೆ ದೊರೆಯುತ್ತಿಲ್ಲ. ಭಾರತದ ಮೊದಲ ವಾಕ್ಚಿತ್ರ, ೧೯೩೧ರ ‘ಆಲಂ ಆರಾ’ದ ಗತಿಯೂ ಅದೇ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪಿತವಾದದ್ದು ೧೯೬೪ರಲ್ಲಿ. ಅಷ್ಟರೊಳಗೆ ಮೂಕಿಯುಗದ ಮತ್ತು ಆರಂಭಕಾಲದ ಟಾಕಿಗಳ ಬಹುಭಾಗ ನಷ್ಟವಾಗಿಹೋಗಿತ್ತು. ದುರ್ವಿನೀತನ ಕೃತಿಗಾಗಿ ಮರುಗುವ ನಾವು, ನಮ್ಮ ಅಜ್ಜಂದಿರು ಕಣ್ಣಾರೆ ಕಂಡ ಚಿತ್ರವನ್ನು ನಮ್ಮ ಕಾಲದಲ್ಲಿಯೇ ಕಳೆದುಕೊಂಡಿದ್ದೇವೆ.

ಹೊರನಾಡಿನಲ್ಲಿ ಹುಟ್ಟಿದ ಕನ್ನಡ ಕೃತಿಗೆ ಈ ಅಪಾಯ ಇಮ್ಮಡಿ. ಒಳನಾಡಿನವರಿಗೆ ಅದು ದೂರದ್ದು. ನೆಲಸಿದ ಊರಿನವರಿಗೆ ಅದು ಪರಭಾಷೆಯದು. ಕಲಾವಿದರ ಮನೆಗಳ ಪೆಟ್ಟಿಗೆಗಳಲ್ಲಿರುವ ಕರಪತ್ರಗಳು, ಹಾಡಿನ ಪುಸ್ತಕಗಳು, ನಾಟಕದ ಹಸ್ತಪ್ರತಿಗಳು, ಭಾವಚಿತ್ರಗಳು, ಫಿಲ್ಮಿನ ತುಣುಕುಗಳು, ಇವನ್ನು ಕೂಡಿಸಿ ಪಟ್ಟಿಮಾಡಿ ಕಾಪಿಡುವ ಕೆಲಸವನ್ನು ನಗರನಗರಗಳ ಕನ್ನಡ ಸಂಘಗಳಲ್ಲದೆ ಮತ್ತಾರು ಮಾಡಿಯಾರು? ಉತ್ಸವಗಳಿಗೆ ವೆಚ್ಚವಾಗುವ ಹಣದ ಒಂದು ಪಾಲು ಇದಕ್ಕೆ ಸಾಕು. ಬೇಕಾದದ್ದು ಒಂದು ಕಪಾಟು, ಒಂದು ದಿನಚರಿ, ಮತ್ತು ಅದನ್ನು ನೋಡಿಕೊಳ್ಳುವ ಒಬ್ಬ ನಿಷ್ಠಾವಂತ. ಲಂಡನ್ನಿನ ಆ ಕಪಾಟು ಒಂದು ಮಹಾಕೃತಿಯನ್ನು ಉಳಿಸಿತು. ನಮ್ಮ ಕಪಾಟುಗಳಲ್ಲಿ ಏನು ಉಳಿದಿದೆಯೆಂಬುದನ್ನು ತೆರೆದು ನೋಡುವ ಕೆಲಸವನ್ನು ಇನ್ನು ಮುಂದೂಡುವಂತಿಲ್ಲ.